ಕುರ್ಚಿ ತೆಗೆದ ಹೋಟೆಲ್

ನಿಂತು ತಿನ್ನುವ ಹೋಟೆಲುಗಳಾದ ಬೆಂಗಳೂರಿನ ದರ್ಶಿನಿಗಳ ಮಾತು ಬಂದರೆ ಎಲ್ಲರೂ ರುಚಿಯಿಂದಲೇ ಶುರು ಮಾಡುತ್ತಾರೆ. ಯಾವ ಬೀದಿಯ ಚಟ್ನಿ ಗಟ್ಟಿ, ಎಲ್ಲಿಯ ವಡೆ ಗರಿಗರಿ, ಯಾರ ಕಾಫಿ ಸ್ಟ್ರಾಂಗು ಎಂಬ ವಾದಕ್ಕೆ ಕೊನೆಯಿಲ್ಲ. ಆದರೆ ದರ್ಶಿನಿಯ ಚರಿತ್ರೆ ಹೇಳಬೇಕಾದರೆ ನೆಲದ ಅಳತೆಯಿಂದ ಶುರು ಮಾಡಬೇಕು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗ ಹೊಸ ತಿಂಡಿಯನ್ನೇನೂ ತರಲಿಲ್ಲ. ಅದೇ ಇಡ್ಲಿ, ಅದೇ ವಡೆ, ಅದೇ ದೋಸೆ. ಅವರು ಹೋಟೆಲಿನಿಂದ ಕುರ್ಚಿಯನ್ನು ತೆಗೆದರು. ಕುರ್ಚಿ ಹೋದ ಮೇಲೆ ಸಪ್ಲೈಯರ್ ಬೇಕಾಗಲಿಲ್ಲ. ಸಪ್ಲೈಯರ್ ಇಲ್ಲದ ಮೇಲೆ ತಿಂದಾದ ನಂತರ ಬಿಲ್ ಕೊಡುವ ಪದ್ಧತಿ ಉಳಿಯಲಿಲ್ಲ. ಇಂದು ನಾವು ದರ್ಶಿನಿ ಎಂದು ಗುರುತಿಸುವ ಎಲ್ಲವೂ ಆ ಒಂದು ತೀರ್ಮಾನದ ಬೆನ್ನಿಗೇ ಬಂದದ್ದು.

ಅದಕ್ಕೂ ಮುಂಚಿನ ಹೋಟೆಲ್ ಎಂದರೆ ಕರಾವಳಿಯವರ ಹೋಟೆಲ್. ಉಡುಪಿಯ ಮಠದ ಅಡುಗೆಯ ಶಿಸ್ತನ್ನು ಕಲಿತವರು, 1923ರ ನೆರೆಯಲ್ಲಿ ಹೊಲ ಮನೆ ಕಳೆದುಕೊಂಡವರು, ಓದು ಅರ್ಧಕ್ಕೆ ಬಿಟ್ಟ ಹುಡುಗರು ಘಟ್ಟ ಹತ್ತಿ ಬಂದು ಬೆಂಗಳೂರು, ಮದ್ರಾಸು, ಬೊಂಬಾಯಿಗಳಲ್ಲಿ ಒಲೆ ಹಚ್ಚಿದರು. ಮೊದಲು ಲೋಟ ತೊಳೆಯುವ ಕ್ಲೀನರ್, ಆಮೇಲೆ ಮಾಣಿ, ಆಮೇಲೆ ಅಡುಗೆಮನೆ ಅಥವಾ ಗಲ್ಲಾ, ದೈವ ಒಲಿದರೆ ಸ್ವಂತ ಹೋಟೆಲ್. ಇದೇ ಅವರ ಮೆಟ್ಟಿಲು. ಎಂಟಿಆರ್ (ಮಾವಳ್ಳಿ ಟಿಫಿನ್ ರೂಮ್) 1924ರಲ್ಲಿ ಶುರುವಾಗಿದ್ದು ಹೀಗೆ ಬಂದ ಮಯ್ಯ ಸಹೋದರರಿಂದ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಆ ಕಾಲದ ಹೋಟೆಲಿನಲ್ಲಿ ಗಿರಾಕಿ ಕೂರುತ್ತಿದ್ದ, ಪೇಪರ್ ಬಿಚ್ಚುತ್ತಿದ್ದ, ಬೈಟು ಕಾಫಿಗೆ ಮುಕ್ಕಾಲು ಗಂಟೆ ಹರಟುತ್ತಿದ್ದ. ಅದು ಆ ಹೋಟೆಲುಗಳ ದೊಡ್ಡತನ. ಮಾಲೀಕನ ಪಾಲಿಗೆ ಅದೇ ಖರ್ಚು.

ಆ ಖರ್ಚು ಎಷ್ಟು ಭಾರವಾಗಬಹುದು ಎಂಬುದು ತುರ್ತು ಪರಿಸ್ಥಿತಿಯ ದಿನಗಳಲ್ಲಿ ಗೊತ್ತಾಯಿತು. 1975ರ ನಂತರ ಸರ್ಕಾರ ಹೋಟೆಲ್ ತಿಂಡಿಗಳ ದರವನ್ನು ಕಟ್ಟುನಿಟ್ಟಾಗಿ ಕೆಳಗಿಳಿಸಿತು. ಆ ದರಕ್ಕೆ ತನ್ನ ಗುಣಮಟ್ಟ ಉಳಿಸಿಕೊಳ್ಳಲಾಗದು ಎಂದು ಎಂಟಿಆರ್ ಕೆಲಕಾಲ ಬಾಗಿಲು ಹಾಕಿ, ರವೆ ಇಡ್ಲಿ ಮಿಕ್ಸು, ಮಸಾಲೆ ಪುಡಿಗಳ ಪೊಟ್ಟಣದ ವ್ಯಾಪಾರಕ್ಕೆ ಹೊರಳಿತು. ಗುಣ ಬಿಡಬಾರದು, ದರ ಏರಿಸುವಂತಿಲ್ಲ ಎಂಬ ಇಕ್ಕಟ್ಟಿಗೆ ಅದು ಒಂದು ಉತ್ತರ. ಕೆಲವೇ ವರ್ಷಗಳ ನಂತರ ದರ್ಶಿನಿ ಕೊಟ್ಟದ್ದು ಇನ್ನೊಂದು ಉತ್ತರ. ತುಪ್ಪದಲ್ಲಿ ಕಡಿಮೆ ಮಾಡಬೇಡಿ, ಬೇಳೆಯಲ್ಲಿ ಕಡಿಮೆ ಮಾಡಬೇಡಿ, ಗಿರಾಕಿ ನಿಂತ ಜಾಗದಲ್ಲಿ ಮತ್ತು ಅವನು ಕಳೆಯುವ ಹೊತ್ತಿನಲ್ಲಿ ಕಡಿಮೆ ಮಾಡಿ.

ಲೆಕ್ಕ ಹಾಕಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಗಿರಾಕಿಗಳಿಗೆ 600 ಚದರಡಿ ಜಾಗ ಇದೆ ಎಂದುಕೊಳ್ಳಿ. ನಾಲ್ಕು ಕುರ್ಚಿಯ ಮೇಜು, ಸುತ್ತ ಓಡಾಡುವ ದಾರಿ ಸೇರಿ 60 ಚದರಡಿ ಹಿಡಿಯುತ್ತದೆ. ಹತ್ತು ಮೇಜು, ನಲವತ್ತು ಜನ. ಒಬ್ಬೊಬ್ಬರು 35 ನಿಮಿಷ ಕೂತರೆ ಗಂಟೆಗೆ ಎಪ್ಪತ್ತು ಜನ. ಅದೇ ಜಾಗದಲ್ಲಿ ಎರಡಡಿ ಅಗಲದ ದುಂಡು ಸ್ಟೀಲ್ ಮೇಜು ಇಟ್ಟು ನಾಲ್ಕು ಜನ ನಿಂತರೆ ಮೇಜೊಂದಕ್ಕೆ 30 ಚದರಡಿ ಸಾಕು. ಇಪ್ಪತ್ತು ಮೇಜು, ಎಂಬತ್ತು ಜನ. ನಿಂತು ತಿನ್ನುವವನು 12 ನಿಮಿಷದಲ್ಲಿ ಮುಗಿಸುತ್ತಾನೆ. ಗಂಟೆಗೆ ನಾನೂರು. ನಿಜದಲ್ಲಿ ಇದರ ಅರ್ಧ ಬಂದರೂ ಬಾಡಿಗೆಯ ಭಾರ ಒಂದು ಪ್ಲೇಟಿನ ಮೇಲೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ದರ್ಶಿನಿಯ ಅಗ್ಗದ ದರ ಬಂದದ್ದು ಇಲ್ಲಿಂದ. ಅಗ್ಗದ ಸಾಮಾನಿನಿಂದ ಬಂದದ್ದೆಂದು ತಿಳಿದು ದರ್ಶಿನಿ ಹಾಕಿದವರು ಬೇಗ ಮುಚ್ಚಿದ್ದಾರೆ.

ನಿಂತು ತಿನ್ನುವುದು ಮಾತ್ರ 1983ರಲ್ಲಿ ಹೊಸದಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದಲೂ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಇಷ್ಟನ್ನೇ ಕೊಟ್ಟು ಜನರನ್ನು ಫುಟ್‌ಪಾತಿನಲ್ಲಿ ನಿಲ್ಲಿಸಿದೆ. ಅಲ್ಲಿ ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಮಲ್ಲೇಶ್ವರದ ವೀಣಾ ಸ್ಟೋರ್ಸ್ ಕೂಡ ಅದೇ ಜಾತಿಯದ್ದು. ಇವು ಒಬ್ಬೊಬ್ಬರ ಕೈಗುಣದ ಮೇಲೆ ನಿಂತ ಅಂಗಡಿಗಳು. ಪ್ರಭಾಕರ್ ಮಾಡಿದ್ದು ಆ ಅಭ್ಯಾಸವನ್ನು ಬೇರೆಯವರೂ ಎತ್ತಿಕೊಂಡು ಹೋಗಿ ಇನ್ನೊಂದು ಬಡಾವಣೆಯಲ್ಲಿ ನೆಡಬಹುದಾದ ನಕ್ಷೆಯಾಗಿ ಮಾರ್ಪಡಿಸಿದ್ದು. ಹೀಗಾಗಿ ದರ್ಶಿನಿ ಒಬ್ಬ ಮಾಲೀಕನ ಸರಣಿ ಆಗಲೇ ಇಲ್ಲ. ಹೆಸರಿಗೆ ಬೇಲಿ ಬೀಳಲಿಲ್ಲ. ಉಪಹಾರ ದರ್ಶಿನಿ, ಗಣೇಶ್ ದರ್ಶನ್, ಎಸ್‌ಎಲ್‌ವಿ ಎಂದು ಬೋರ್ಡು ಬದಲಾಗುತ್ತಾ ಹೋಯಿತು, ಒಳಗಿನ ನಕ್ಷೆ ಒಂದೇ ಉಳಿಯಿತು. ನಡುವೆ ಒಂದು ಆಫೀಸೂ ಇಲ್ಲದೆ ಒಂದು ಊರಿನ ಉದ್ದಗಲಕ್ಕೂ ಇಷ್ಟು ಒಂದೇ ತೆರನಾಗಿ ಹಬ್ಬಿದ ಹೋಟೆಲ್ ಪದ್ಧತಿ ನನ್ನ ಮಟ್ಟಿಗೆ ಈ ನಾಡಿನ ದೊಡ್ಡ ವ್ಯಾಪಾರಿ ಸಾಧನೆಗಳಲ್ಲಿ ಒಂದು.

ಆ ನಕ್ಷೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಾಗಿಲ ಬಳಿಯೇ ಕ್ಯಾಶ್ ಕೌಂಟರ್. ದುಡ್ಡು ಮೊದಲು, ತಿಂಡಿ ಆಮೇಲೆ. ಮೊದಲು ಪ್ಲಾಸ್ಟಿಕ್ ಟೋಕನ್ ಇತ್ತು, ಆಮೇಲೆ ಮುದ್ರಿತ ಚೀಟಿ ಬಂತು. ಕೌಂಟರಿನವನು ಚೀಟಿಯನ್ನು ಅರ್ಧ ಹರಿದು ಅಥವಾ ಮೊಳೆಗೆ ಚುಚ್ಚಿ ಇಟ್ಟುಕೊಳ್ಳುತ್ತಾನೆ, ಅದೇ ಚೀಟಿ ಎರಡು ಸಲ ಓಡಬಾರದಲ್ಲ. ಟೋಕನ್ ಎಣಿಕೆಗೂ ಗಲ್ಲಾದ ದುಡ್ಡಿಗೂ ರಾತ್ರಿ ತಾಳೆ ಬಿದ್ದರೆ ಸೋರಿಕೆಯಿಲ್ಲ. ತಿಂದು ಎದ್ದು ಹೋದವನ ಹಿಂದೆ ಓಡುವ ಪ್ರಮೇಯವೂ ಇಲ್ಲ. ತಿಂಡಿ ಕೌಂಟರ್ ಒಳಗೆ, ದೋಸೆ ಕೌಂಟರ್ ಅದರ ಪಕ್ಕ, ಕಾಫಿ ಕೌಂಟರ್ ಮಾತ್ರ ಬೇರೆ ಮೂಲೆಗೆ, ಸಾಧ್ಯವಾದರೆ ರಸ್ತೆಯ ಕಡೆಗೆ. ಬರೀ ಕಾಫಿಗೆ ಬಂದವನೂ ತಿಂಡಿ ಮುಗಿಸಿ ಕಾಫಿಗೆ ಹೋಗುವವನೂ ತಿಂಡಿಯ ಸಾಲನ್ನು ಅಡ್ಡ ಹಾಯಬಾರದು. ಕೈ ತೊಳೆಯುವ ಜಾಗ, ಎಂಜಲು ತಟ್ಟೆಯ ಡಬ್ಬ ಹೊರಹೋಗುವ ದಾರಿಯಲ್ಲಿರಬೇಕು. ಜಾಗ ಉಳಿಸಲೆಂದು ಕಾಫಿಯನ್ನು ದೋಸೆಯ ಪಕ್ಕ ಕೂರಿಸಿದ ಕಡೆ ಬೆಳಗ್ಗೆ ಎಂಟೂವರೆಗೆ ಹೋಗಿ ನೋಡಿ, ಬಿಸಿ ಲೋಟ ಹಿಡಿದವನೂ ಸಾಂಬಾರ್ ತಟ್ಟೆ ಹಿಡಿದವನೂ ಮುಖಾಮುಖಿಯಾಗಿ ನಿಂತಿರುತ್ತಾರೆ.

ಮೇಜಿನ ಎತ್ತರವೂ ಮುಖ್ಯ. ಮೂರೂವರೆ ಅಡಿ ಸರಿಯಾದ ಅಳತೆ. ಮೂರಡಿಗೆ ಇಳಿದರೆ ಬಗ್ಗಿ ತಿನ್ನಬೇಕು, ಸೊಂಟ ಹಿಡಿಯುತ್ತದೆ. ನಾಲ್ಕಡಿಗೆ ಏರಿದರೆ ಕುಳ್ಳಗಿರುವವರ ಮೊಣಕೈ ಮೇಲಕ್ಕೆ ಹೋಗುತ್ತದೆ, ಸಾಂಬಾರ್ ಅಂಗಿಯ ಮೇಲೆ. ಮೇಜಿನ ಕೆಳಗೊಂದು ಬ್ಯಾಗ್ ಇಡುವ ಹಲಗೆ ಇದ್ದರೆ ಆಫೀಸಿಗೆ ಹೊರಟವರು ಬೇಗ ಮುಗಿಸುತ್ತಾರೆ, ಇಲ್ಲದಿದ್ದರೆ ಒಂದು ಕೈ ಬ್ಯಾಗಿಗೇ ಮೀಸಲು.

ಇನ್ನು ಅಡುಗೆಮನೆ. ಅದು ಗಿರಾಕಿಗೆ ಕಾಣುವಂತಿರಬೇಕು ಎಂಬ ವಿಚಾರ ದರ್ಶಿನಿಗಿಂತ ಹಳೆಯದು. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡು ಬಂದು, ಪಾತ್ರೆಗಳನ್ನು ಹಬೆಯಲ್ಲಿ ತೊಳೆಸುವ ಪದ್ಧತಿ ತಂದರು. ಲಾಲ್‌ಬಾಗ್ ರಸ್ತೆಯ ಹೋಟೆಲಿಗೆ ಬಂದವರು ಅಡುಗೆಮನೆಯನ್ನು ನೋಡುತ್ತಲೇ ಒಳಗೆ ಹೋಗುವಂತಾಯಿತು. ದರ್ಶಿನಿ ಮಧ್ಯದ ಗೋಡೆಯನ್ನೇ ತೆಗೆದುಬಿಟ್ಟಿತು. ಭಟ್ಟರು ಬೆವರು ಒರೆಸಿಕೊಂಡದ್ದೂ ಕಾಣುತ್ತದೆ, ಕೈ ತೊಳೆದದ್ದೂ ಕಾಣುತ್ತದೆ. ಯಾವ ಇನ್‌ಸ್ಪೆಕ್ಟರೂ ದಿನವಿಡೀ ನಿಂತು ಮಾಡಲಾಗದ ಕಾವಲನ್ನು ಅಲ್ಲಿ ಗಿರಾಕಿಯೇ ಮಾಡುತ್ತಾನೆ.

ಗಂಟೆಗೆ ಇನ್ನೂರು ಮುನ್ನೂರು ಜನಕ್ಕೆ ಬಿಸಿ ಬಿಸಿ ಕೊಡಬೇಕಾದರೆ ಪಟ್ಟಿ ಚಿಕ್ಕದಿರಬೇಕು. ದರ್ಶಿನಿಯ ನಿಜವಾದ ಜಾಣ್ಮೆ ಇರುವುದು ಇಲ್ಲಿ. ಮೂರು ಮೂಲ ಸಾಮಾನು: ಉದ್ದು, ಅಕ್ಕಿ, ರವೆ. ಉದ್ದಿನಿಂದ ಇಡ್ಲಿ, ವಡೆ, ದೋಸೆ. ರವೆಯಿಂದ ಖಾರಾಬಾತ್, ಕೇಸರಿಬಾತ್, ಎರಡೂ ಸೇರಿದರೆ ಚೌಚೌ ಬಾತ್. ಅಕ್ಕಿಯಿಂದ ದಿನಕ್ಕೊಂದು ರೈಸ್‌ಬಾತ್, ಒಂದು ದಿನ ವಾಂಗಿ, ಒಂದು ದಿನ ಪಲಾವ್, ಒಂದು ದಿನ ಪುಳಿಯೋಗರೆ. ಎಲ್ಲಕ್ಕೂ ಒಂದೇ ಕಾಯಿ ಚಟ್ನಿ, ಒಂದೇ ಸಾಂಬಾರ್. ಬೆಳಗ್ಗೆ ಮಿಕ್ಕ ಯಾವ ಸಾಮಾನೂ ಮೂಲೆಯಲ್ಲಿ ಕೂತು ಹಳಸುವುದಿಲ್ಲ, ಎಲ್ಲವೂ ದಿನದೊಳಗೆ ಓಡುತ್ತದೆ.

ಇಡ್ಲಿಗೆ ಹೋಟೆಲಿನವರು ಹೆಚ್ಚಾಗಿ ಅಕ್ಕಿ ತರಿ ಬಳಸುತ್ತಾರೆ. ಒಂದು ಅಳತೆ ಉದ್ದಿನಬೇಳೆಗೆ ಎರಡರಿಂದ ಎರಡೂವರೆ ಅಳತೆ ತರಿ. ಬೇಳೆ ಮೂರು ನಾಲ್ಕು ಗಂಟೆ ನೆನೆದರೆ ಸಾಕು. ರುಬ್ಬುವಾಗ ತಣ್ಣೀರು, ಬೇಸಿಗೆಯಲ್ಲಿ ಐಸ್ ನೀರು. ದೊಡ್ಡ ಗ್ರೈಂಡರಿನಲ್ಲಿ ಅರ್ಧ ಗಂಟೆ ತಿರುಗಿದ ಹಿಟ್ಟು ಬಿಸಿಯಾದರೆ ಬೆಳಗಾಗುವ ಮುಂಚೆಯೇ ಹುಳಿಯೇರಿ ಇಡ್ಲಿ ಚಪ್ಪಟೆ ಬೀಳುತ್ತದೆ. ತರಿಯನ್ನು ತೊಳೆದು ನೆನೆಸಿ, ನೀರು ಹಿಂಡಿ ಬೆರೆಸಬೇಕು. ಹಿಂಡದೆ ಹಾಕಿದರೆ ತರಿ ತಳಕ್ಕೆ ಕೂರುತ್ತದೆ, ಮೇಲಿನ ಇಡ್ಲಿ ಮೆತ್ತಗೆ, ಡಬರಿಯ ತಳದ ಇಡ್ಲಿ ಕಲ್ಲು. ಎಂಟರಿಂದ ಹತ್ತು ಗಂಟೆ ಹುದುಗು ಸಾಮಾನ್ಯ. ಡಿಸೆಂಬರಿನ ಬೆಂಗಳೂರಿನಲ್ಲಿ ಹನ್ನೆರಡು ಗಂಟೆಯೂ ಸಾಲದೆ ಹೋಗಬಹುದು, ಆಗ ಇನ್ನೂ ಬೇಗ ರುಬ್ಬಿಡಬೇಕು, ಸೋಡಾ ಸುರಿಯುವುದು ದಾರಿಯಲ್ಲ. ಹಬೆ 10ರಿಂದ 12 ನಿಮಿಷ. ಇಳಿಸಿದ ಮೇಲೆ ಎರಡು ನಿಮಿಷ ಬಿಟ್ಟು ತೆಗೆದರೆ ಅಂಟುವುದಿಲ್ಲ. ಜನ ಕಾಯುತ್ತಿದ್ದಾರೆಂದು ಆ ಎರಡು ನಿಮಿಷ ಬಿಡದ ಕಡೆ ಇಡ್ಲಿಯ ಬೆನ್ನು ಹರಿದಿರುತ್ತದೆ.

ಇಡ್ಲಿ ತಟ್ಟೆಗೆ ಹಾಸುವ ಬಟ್ಟೆಯ ವಿಷಯ ಇಲ್ಲೇ ಹೇಳಬೇಕು. ಒದ್ದೆ ಬಟ್ಟೆಯ ಮೇಲೆ ಬೆಂದ ಇಡ್ಲಿ ಚೆನ್ನಾಗಿ ಉಸಿರಾಡುತ್ತದೆ, ಆದರೆ ಆ ಬಟ್ಟೆಯನ್ನು ಪ್ರತಿ ಒಬ್ಬೆಗೂ ಜಾಲಿಸಬೇಕು, ದಿನವೂ ಕುದಿಸಿ ಒಣಗಿಸಬೇಕು. ಆ ಕೆಲಸ ತಪ್ಪಿಸಲು ಅನೇಕ ಕಡೆ ತೆಳು ಪ್ಲಾಸ್ಟಿಕ್ ಹಾಳೆ ಬಂತು. ಇಡ್ಲಿ ತಾನಾಗಿ ಜಾರುತ್ತದೆ, ಕೆಲಸ ಹಗುರ. ಕುದಿಯುವ ಹಬೆಯಲ್ಲಿ ಪ್ಲಾಸ್ಟಿಕ್ ಇಡುವುದು ಆರೋಗ್ಯಕ್ಕೆ ಕೇಡು ಎಂದು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಬಟ್ಟೆ ಒಗೆಯುವ ಒಬ್ಬ ಆಳಿನ ಸಂಬಳ ಉಳಿಸಲು ಹೋಗಿ ದರ್ಶಿನಿಯ ಮುಖ್ಯ ತಿಂಡಿಯನ್ನೇ ಅನುಮಾನಕ್ಕೆ ಒಡ್ಡಿದ್ದು ದೊಡ್ಡ ತಪ್ಪು.

ದೋಸೆಗೆ ಬೇರೆ ಹಿಟ್ಟು. ನಾಲ್ಕು ಅಳತೆ ಅಕ್ಕಿಗೆ ಒಂದು ಉದ್ದು, ಒಂದು ಹಿಡಿ ಅವಲಕ್ಕಿ, ಸ್ವಲ್ಪ ಮೆಂತ್ಯ, ಬಣ್ಣ ಬರಲು ಸ್ವಲ್ಪ ಕಡಲೆಬೇಳೆ. ಬೆಂಗಳೂರಿನ ಮಸಾಲೆ ದೋಸೆಯ ಕೆಂಪು ಅಂಚು ಈ ಕಡಲೆಬೇಳೆ ಮತ್ತು ದಪ್ಪ ಕಬ್ಬಿಣದ ಹಂಚು ಎರಡರ ಫಲ. ಹಂಚು ತೆಳುವಾಗಿದ್ದರೆ ತಣ್ಣನೆಯ ಹಿಟ್ಟು ಬಿದ್ದ ಕೂಡಲೇ ಕಾವು ಇಳಿಯುತ್ತದೆ, ದೋಸೆ ಬೆಳ್ಳಗೆ ಉಳಿದು ರಬ್ಬರಾಗುತ್ತದೆ. ಕಾವು ಹೆಚ್ಚಾದರೆ ಹಿಟ್ಟು ಹರಡುವ ಮೊದಲೇ ಗಂಟುಕಟ್ಟಿ ಸೌಟಿಗೆ ಎದ್ದು ಬರುತ್ತದೆ. ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದು ಶುಚಿಗೂ ಹೌದು, ಮುಖ್ಯವಾಗಿ ಮೇಲ್ಮೈಯ ಕಾವು ಇಳಿಸಲು. ಆ ಪೊರಕೆ ಒಲೆಯ ಕೆಲಸಕ್ಕೇ ಮೀಸಲಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಚಟ್ನಿ ಕೆಡುವಷ್ಟು ಬೇಗ ಬೇರೆ ಯಾವುದೂ ಕೆಡುವುದಿಲ್ಲ. ಹಸಿ ಕಾಯಿ ರುಬ್ಬಿದ ಎರಡು ಮೂರು ಗಂಟೆಯಲ್ಲಿ, ಒಲೆಯ ಪಕ್ಕವಿದ್ದರೆ ಇನ್ನೂ ಬೇಗ, ವಾಸನೆ ತಿರುಗುತ್ತದೆ. ಬೆಳಗ್ಗೆ ಐದಕ್ಕೆ ಇಡೀ ದಿನದ ಚಟ್ನಿ ರುಬ್ಬಿಟ್ಟುಕೊಳ್ಳುವ ಕಡೆ ಹನ್ನೊಂದರ ಚಟ್ನಿ ತಿನ್ನಬಾರದು. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ರುಬ್ಬುವುದೇ ಸರಿ. ಕಾಯಿಯ ಬೆಲೆ ಏರಿದಾಗ ಹುರಿಗಡಲೆ ಹೆಚ್ಚಿಸುತ್ತಾರೆ. ಸ್ವಲ್ಪವಾದರೆ ಗಟ್ಟಿ ಬರುತ್ತದೆ, ಕಾಯಿಯ ಅರ್ಧದಷ್ಟು ದಾಟಿದರೆ ನಾಲಿಗೆಗೆ ಹಿಟ್ಟು ಹಿಟ್ಟು. ಇಡ್ಲಿ ವಡೆಯ ಮೇಲೆ ಸುರಿಸಿಕೊಳ್ಳುವ ಊರು ಇದು, ನೀರು ಬೆರೆಸಿದರೆ ಮರುದಿನವೇ ಗೊತ್ತಾಗುತ್ತದೆ.

ಕಾಫಿಯಲ್ಲಿ ಲಾಭವೂ ಇದೆ, ಮಾನವೂ ಇದೆ. ಒಂದು ಕಿಲೋ ಪುಡಿಗೆ ಆರು ಲೀಟರ್ ಬಿಸಿ ನೀರು ಬಿಟ್ಟರೆ ಪುಡಿ ಹೀರಿಕೊಂಡು ನಾಲ್ಕು ಲೀಟರಿನಷ್ಟು ಡಿಕಾಕ್ಷನ್ ಇಳಿಯುತ್ತದೆ. ಲೋಟಕ್ಕೆ 20 ಮಿಲಿ ಡಿಕಾಕ್ಷನ್, 70–80 ಮಿಲಿ ಹಾಲು. ಅಂದರೆ ಕಿಲೋಗೆ ಸುಮಾರು ಇನ್ನೂರು ಕಾಫಿ. ಚಿಕೋರಿ ನೂರಕ್ಕೆ 20ರಿಂದ 30 ಇದ್ದರೆ ಬಣ್ಣವೂ ಮೈಯೂ ಬರುತ್ತದೆ. ಕಾನೂನು 49ರವರೆಗೆ ಬಿಡುತ್ತದೆ, ಆ ಅಂಚಿಗೆ ಹೋದರೆ ಕಪ್ಪಗೆ ಕಾಣುತ್ತದೆ, ಕಾಫಿಯ ಪರಿಮಳ ಇರುವುದಿಲ್ಲ. ಡಿಕಾಕ್ಷನ್ ಅನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಬೇಕು, ಒಲೆಯ ಮೇಲೆ ನೇರ ಇಟ್ಟು ಕುದಿಸಿದರೆ ಕಹಿ ಒಗರಿಗೆ ತಿರುಗುತ್ತದೆ. ಹಾಲನ್ನೂ ಸ್ವಲ್ಪ ಸ್ವಲ್ಪ ಕಾಯಿಸಬೇಕು, ಇಪ್ಪತ್ತು ಲೀಟರ್ ಒಟ್ಟಿಗೆ ಇಟ್ಟು ಗಂಟೆಗಟ್ಟಲೆ ಕುದಿಸಿದರೆ ಕೊನೆಯ ಐದು ಲೀಟರ್ ಪಾಯಸದ ವಾಸನೆ ಹೊಡೆಯುತ್ತದೆ.

ಈ ಚಿಕ್ಕ ಪಟ್ಟಿಯೇ ಆಮೇಲಾಮೇಲೆ ಮಾಲೀಕರಿಗೆ ಸಾಲದು ಎನಿಸಿತು. ಗೋಬಿ ಮಂಚೂರಿ ಬಂತು, ಫ್ರೈಡ್ ರೈಸ್ ಬಂತು, ಪಾವ್‌ಭಾಜಿ ಬಂತು, ಸಂಜೆಗೆ ಚಾಟ್ಸ್. ಬೋರ್ಡು ಉದ್ದವಾಯಿತು. ಮೇಲ್ನೋಟಕ್ಕೆ ವ್ಯಾಪಾರ ಹೆಚ್ಚುತ್ತದೆ. ಒಳಗೆ ಆಗುವುದು ಬೇರೆ. ಹೊಸ ತಿಂಡಿಗೆ ಹೊಸ ಒಲೆ, ಹೊಸ ಭಟ್ಟ, ಫ್ರಿಡ್ಜಿನಲ್ಲಿ ಹೆಚ್ಚಿಟ್ಟ ತರಕಾರಿ. ಮಂಚೂರಿ ಒಂದೊಂದೇ ಪ್ಲೇಟು ಬಾಣಲೆಯಲ್ಲಿ ತಯಾರಾಗುವುದು, ಕಾಯುವವರ ಸಾಲು ಇಡ್ಲಿಯವರನ್ನೂ ತಡೆಯುತ್ತದೆ. ಕರಿಯುವುದು ಹೆಚ್ಚಿ ಎಣ್ಣೆ ಕಪ್ಪಾಗುತ್ತದೆ, ವಡೆಗೂ ಅದೇ ಎಣ್ಣೆ. ತಿಂಡಿ ಬರುವವರೆಗೆ ಕಾಯಲು ಕುರ್ಚಿ ಬೇಕೆನಿಸುತ್ತದೆ, ಕುರ್ಚಿ ಬಂದರೆ ಲೆಕ್ಕ ಮತ್ತೆ 1983ಕ್ಕೂ ಹಿಂದಕ್ಕೆ. ಬಾಡಿಗೆ ಏರಿ ಮುಚ್ಚಿತು ಎನ್ನುವ ಎಷ್ಟೋ ದರ್ಶಿನಿಗಳಲ್ಲಿ ಬಾಡಿಗೆಗಿಂತ ಮೊದಲು ಪಟ್ಟಿ ಏರಿತ್ತು.

ಒಂದು ಕೊರತೆ ಮೊದಲಿನಿಂದಲೂ ಇದೆ, ಮುಚ್ಚಿಡಬಾರದು. ಮಂಡಿ ನೋವಿರುವವರು, ಬಸುರಿಯರು, ಕೈಗೂಸು ಹೊತ್ತವರು ನಿಂತು ತಿನ್ನಲಾರರು. ಗೋಡೆಗೆ ಒಂದೂವರೆ ಅಡಿ ಅಗಲದ ಕಟ್ಟೆ, ಆರು ಸ್ಟೂಲು ಹಾಕಿದರೆ ಲೆಕ್ಕವೇನೂ ಕೆಡುವುದಿಲ್ಲ, ಬೇಗ ತಿನ್ನುವವರು ಅದರ ಕಡೆ ನೋಡುವುದೂ ಇಲ್ಲ. ಹಾಗೆ ಮಾಡಿದ ದರ್ಶಿನಿಗಳಿವೆ, ಎಲ್ಲವೂ ಮಾಡಬೇಕು.

ಇನ್ನೊಂದು ಕಡೆ, ನಿಲ್ಲಿಸಿದ್ದರಿಂದಲೇ ಆದ ಒಳ್ಳೆಯದೂ ಇದೆ. ಎಂಟಿಆರ್‌ನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಹಳೆಯ ಹೋಟೆಲುಗಳಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಗೋಡೆಗಳಿದ್ದ ಕಾಲವೊಂದಿತ್ತು. ಹೆಂಗಸರಿಗೆಂದು ಪರದೆ ಎಳೆದ ಫ್ಯಾಮಿಲಿ ರೂಮು ತೀರ ಇತ್ತೀಚಿನವರೆಗೂ ಇತ್ತು. ಎರಡಡಿಯ ದುಂಡು ಮೇಜಿಗೆ ಅಂಥ ಯಾವ ಭೇದಕ್ಕೂ ಜಾಗವಿಲ್ಲ. ಕಾರಿನಿಂದ ಇಳಿದವನೂ ಆಟೋ ನಿಲ್ಲಿಸಿ ಬಂದವನೂ ಒಂದೇ ಮೇಜಿಗೆ ಮೊಣಕೈ ಊರಿ, ಕೆಲಸಕ್ಕೆ ಹೊರಟ ಹೆಣ್ಣುಮಗಳು ಒಬ್ಬಳೇ ಬಂದು ತಿಂದು ಹೋಗುವುದು ಇಲ್ಲಿ ಸಹಜವಾಯಿತು. ಯಾರೂ ಭಾಷಣ ಮಾಡದೆ ಆದ ಬದಲಾವಣೆ ಇದು, ನನಗೆ ದರ್ಶಿನಿಯ ಮೇಲಿನ ಗೌರವದ ದೊಡ್ಡ ಪಾಲು ಇದಕ್ಕೇ.

ಸರ್ಕಾರವೇ ಈ ಪದ್ಧತಿಯನ್ನು ಎತ್ತಿಕೊಂಡದ್ದು 2017ರಲ್ಲಿ. ಆಗಸ್ಟ್ 16ರಂದು ಮೊದಲ ಇಂದಿರಾ ಕ್ಯಾಂಟೀನ್ ಉದ್ಘಾಟನೆಯಾದದ್ದು ಕೂಡ ಜಯನಗರದಲ್ಲೇ. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಟೋಕನ್, ಕೌಂಟರ್, ನಿಂತು ತಿನ್ನುವ ಮೇಜು ಎಲ್ಲವೂ ದರ್ಶಿನಿಯದ್ದೇ. ಒಂದು ಮುಖ್ಯ ಭೇದವೆಂದರೆ ಅಡುಗೆ ಬೇರೆಡೆಯ ದೊಡ್ಡ ಅಡುಗೆಮನೆಯಲ್ಲಿ ಆಗಿ ಗಾಡಿಯಲ್ಲಿ ಬರುತ್ತದೆ. ಹಾಗಾಗಿ ಅನ್ನ, ಬಾತು, ಸಾಂಬಾರ್ ಅಲ್ಲಿ ಸಲ್ಲುತ್ತವೆ. ಹಂಚಿನಿಂದ ತಟ್ಟೆಗೆ ಬೀಳಬೇಕಾದ ಮಸಾಲೆ ದೋಸೆ ಸಲ್ಲುವುದಿಲ್ಲ.

2021ರಲ್ಲಿ ಇಂದಿರಾನಗರದಲ್ಲಿ ರಾಮೇಶ್ವರಂ ಕೆಫೆ ಶುರುವಾದ ಮೇಲೆ ದರ್ಶಿನಿಗೆ ಹೊಸ ಪ್ರಾಯ ಬಂದಂತಾಯಿತು. ತುಪ್ಪ ಧಾರಾಳ, ದರವೂ ಮೇಲೆ, ಅನೇಕರು ಅದೇ ದಾರಿ ಹಿಡಿದರು. ನಗದಿನ ಜಾಗಕ್ಕೆ ಯುಪಿಐ ಬಂತು, ಚಿಲ್ಲರೆಯ ಜಗಳ ಮುಗಿಯಿತು. ಆದರೆ ಇಂಥ ಎಷ್ಟೋ ಕಡೆ ಭಾನುವಾರ ಬೆಳಗ್ಗೆ ಹೊರಗೆ ಅರ್ಧ ಗಂಟೆಯ ಕ್ಯೂ. ಒಳಗೆ 12 ನಿಮಿಷದಲ್ಲಿ ಉಳಿಸಿದ ಹೊತ್ತು ಹೊರಗೆ ಖರ್ಚಾಗುತ್ತದೆ. ಮಾಲೀಕರು ಥಟ್ಟನೆ ಇನ್ನೊಂದು ಕ್ಯಾಶ್ ಕೌಂಟರ್ ತೆರೆಯುತ್ತಾರೆ, ಕ್ಯೂ ಹೊರಗಿನಿಂದ ಒಳಗೆ ಬಂದು ದೋಸೆ ಕೌಂಟರಿನ ಮುಂದೆ ನಿಲ್ಲುತ್ತದೆ, ಅಷ್ಟೇ. ಒಂದು ಹಂಚಿನ ಮೇಲೆ ಸಲಕ್ಕೆ ಹನ್ನೆರಡು ದೋಸೆ, ಗುಡಿಸಿ ಹುಯ್ದು ಮಸಾಲೆ ಇಟ್ಟು ಮಡಚಲು ಐದು ನಿಮಿಷ, ಗಂಟೆಗೆ 144. ಕ್ಯಾಶ್‌ನಲ್ಲಿ ನಿಮಿಷಕ್ಕೆ ಆರು ಬಿಲ್ಲು ಹೊಡೆದರೆ ಗಂಟೆಗೆ 360, ಅದರಲ್ಲಿ ಅರ್ಧ ದೋಸೆ ಎಂದರೂ 180. ಗಂಟೆಗೆ 36 ದೋಸೆಯ ಬಾಕಿ, ಮೂರು ಗಂಟೆಯಲ್ಲಿ ನೂರು ದಾಟುತ್ತದೆ. ಬೇಕಾದದ್ದು ಎರಡನೇ ಹಂಚು. ಅದಕ್ಕೆ ಜಾಗವಿಲ್ಲದಿದ್ದರೆ ದೋಸೆಗೆ ಬೇರೆ ಕ್ಯಾಶ್ ಕೌಂಟರ್ ಇಟ್ಟು, ಹಂಚಿನ ವೇಗಕ್ಕೆ ತಕ್ಕಂತೆ ಬಿಲ್ ಕೊಟ್ಟು, ಇಡ್ಲಿ ಬಾತಿನವರನ್ನು ಆ ಸಾಲಿನಿಂದ ಬಿಡಿಸಬೇಕು. ಹಾಗೆ ಮಾಡಿದರೆ ಆಫೀಸಿಗೆ ಹೊರಟು ಇಡ್ಲಿ ವಡೆಗೆ ಬಂದವನು ಹತ್ತು ನಿಮಿಷದಲ್ಲಿ ಬಸ್ ಸ್ಟಾಪಿನಲ್ಲಿರುತ್ತಾನೆ.